ಹಾಲ್‌ನಲ್ಲಿ ಬುದ್ಧ, ಅಡುಗೆಮನೆಯಲ್ಲಿ ಸಂಬಳ ಕಟ್

ಸಿಟ್ಟಲ್ಲೇ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ. ತಿಳಿದರೂ ಪರವಾಗಿಲ್ಲ.

ಪರಿಚಯದವರ ಮನೆಗೆ ಹೋಗಿದ್ದೆ. ಹಾಲ್‌ನಲ್ಲಿ ಆಳೆತ್ತರದ ಬುದ್ಧ. ಕೆಳಗೆ ಲೈಟು, ಪಕ್ಕದಲ್ಲಿ ಪುಟ್ಟ ಕಾರಂಜಿ. 'ನೋಡಿದ್ರೇನೇ ಶಾಂತಿ ಅಲ್ವಾ?' ಅಂದರು. ಸ್ವಲ್ಪ ಹೊತ್ತಿಗೆ ಅದೇ ಬಾಯಲ್ಲಿ ಮನೆಕೆಲಸದಾಕೆಗೆ, 'ಡೆಂಗ್ಯೂ ಬಂದ್ರೆ ನಾನೇನ್ ಮಾಡ್ಲಿ? ಬರದ ದಿನದ ದುಡ್ಡು ಕಟ್' ಅಂದರು. ಬುದ್ಧ ಸುಮ್ನೆ ನಗುತ್ತಿದ್ದ. ಅವನಿಗೇನು, ಫೈಬರ್ ಬುದ್ಧ.

ಬಾಯಿ ಮುಚ್ಚಿ ಕೂತ ಬುದ್ಧನೇ ಯಾಕೆ ನಮಗಿಷ್ಟ? ಆ ಮನುಷ್ಯ ಸುಮ್ಮನೆ ಕೂತವನೇ ಅಲ್ಲ. ಬೋಧಗಯೆಯಲ್ಲಿ ಅರಿವಾದ ಮೇಲೆ ಸಾರನಾಥದ ಜಿಂಕೆವನಕ್ಕೆ ನಡೆದು, ಐದು ಜನರ ಮುಂದೆ ಮಾತು ಶುರು ಮಾಡಿದ. ಆಮೇಲೆ 45 ವರ್ಷ ಗಂಗೆಯ ಬಯಲಲ್ಲಿ ತಿರುಗಿದ. ಮಳೆಗಾಲಕ್ಕಷ್ಟೇ ಒಂದು ಕಡೆ ನಿಲ್ಲುತ್ತಿದ್ದ. ರಾಜರ ಜೊತೆಗೂ ಮಾತಾಡಿದ, ಕೊಲೆಗಾರ ಅಂಗುಲಿಮಾಲನ ಜೊತೆಗೂ ಮಾತಾಡಿದ.

ಹೇಳಿದ್ದೇನು? ದುಃಖ ಇದೆ, ಅದಕ್ಕೆ ಕಾರಣ ಇದೆ, ಅದು ಕೊನೆಯಾಗುತ್ತದೆ, ಕೊನೆಯಾಗಿಸಲು ದಾರಿ ಇದೆ. ದಾರಿಗೆ ಎಂಟು ಅಂಗ. ನಾವು ಧ್ಯಾನವನ್ನಷ್ಟೇ ಎತ್ತಿಕೊಂಡೆವು, ಅದಕ್ಕೆ ಒಂದು ಮ್ಯಾಟ್ ಇದ್ದರೆ ಸಾಕಲ್ಲ! ಸರಿಯಾದ ಮಾತು, ಸರಿಯಾದ ನಡತೆ, ಸರಿಯಾದ ಜೀವನೋಪಾಯ ಅಂತಲೂ ಇವೆ. ಅವಕ್ಕೆ ಎದುರಿಗೆ ಇನ್ನೊಬ್ಬ ಮನುಷ್ಯ ಬೇಕು. ಅಲ್ಲೇ ತೊಂದರೆ.

ರಾಜಗೃಹದಲ್ಲಿ ಸಿಗಾಲ ಅನ್ನುವ ಹುಡುಗ ದಿನಾ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೂ ಕೈ ಮುಗಿಯುತ್ತಿದ್ದ. ಅಪ್ಪ ಸಾಯುವಾಗ ಹೇಳಿ ಹೋಗಿದ್ದನಂತೆ. ಹಾಗಲ್ಲ ಕೈ ಮುಗಿಯುವುದು ಅಂದ ಬುದ್ಧ, ಒಂದೊಂದು ದಿಕ್ಕಿಗೂ ಮನುಷ್ಯರನ್ನೇ ತಂದು ನಿಲ್ಲಿಸಿದ. ಪೂರ್ವಕ್ಕೆ ತಂದೆತಾಯಿ. ಕೆಳದಿಕ್ಕಿಗೆ ಆಳುಗಳು. ಅವರಿಗೆ ಶಕ್ತಿಗೆ ತಕ್ಕ ಕೆಲಸ ಕೊಡು. ಊಟ, ಸಂಬಳ ಕೊಡು. ಕಾಯಿಲೆ ಬಿದ್ದಾಗ ನೋಡಿಕೋ. ರುಚಿಯಾದದ್ದು ಮಾಡಿದಾಗ ಹಂಚು. ಹೊತ್ತಿಗೆ ಸರಿಯಾಗಿ ರಜೆ ಕೊಡು. ಕಾಯಿಲೆ, ಸಂಬಳ, ರಜೆ, ಇಷ್ಟು ಬಿಡಿಸಿ ಹೇಳಿದ್ದಾನೆ ಮಾರಾಯ್ರೇ!

ನನ್ನಮ್ಮ ಪಾತ್ರೆ ತೊಳೆದೇ ನನ್ನನ್ನು ಓದಿಸಿದ್ದು. ಗೊತ್ತಿರುವವರಿಗೆ ಗೊತ್ತು. ಜ್ವರದಲ್ಲೂ ಹೋಗುತ್ತಿದ್ದಳು. ಹಾಗಾಗಿ ಈ ವಿಷಯದಲ್ಲಿ ನನ್ನ ಹತ್ತಿರ ಸಮಾಧಾನ ಹುಡುಕಬೇಡಿ.

ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವಿನ ಕಥೆಯೂ ಇದೆ. ಬೇರೆ ಭಿಕ್ಷುಗಳು ಅವನತ್ತ ಸುಳಿದಿರಲಿಲ್ಲ. ಬುದ್ಧ ನೀರು ಹೊಯ್ದ, ಶಿಷ್ಯ ಆನಂದ ತೊಳೆದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡುವ ಮನಸ್ಸಿದ್ದವನು ರೋಗಿಯ ಸೇವೆ ಮಾಡಲಿ ಅಂತ ಆಮೇಲೆ ಎಲ್ಲರಿಗೂ ಹೇಳಿದ. ಅದೇ ಬುದ್ಧನ ಎದುರು ಡೆಂಗ್ಯೂ ಲೆಕ್ಕ!

'ಅಯ್ಯೋ, ಅಂದಕ್ಕೆ ಇಟ್ಟಿದ್ದು ಬಿಡಿ' ಅಂತೀರಿ. ಸರಿ, ಶೋಪೀಸ್ ಅನ್ನಿ, ಶಾಂತಿ ಅನ್ನಬೇಡಿ. ಸಾಂಚಿ ಸ್ತೂಪದ ಕಲ್ಲಿನ ತೋರಣದ್ವಾರಗಳನ್ನು ಕೆತ್ತಿದವರು ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸಲೇ ಇಲ್ಲ. ಬೋಧಿಮರ, ಹೆಜ್ಜೆಗುರುತು, ಖಾಲಿ ಪೀಠ, ಅಷ್ಟೇ. ಅವರಿಗೇನು ಭಕ್ತಿ ಕಡಿಮೆ ಇತ್ತಾ?

ಇನ್ನು, 'ಬುದ್ಧನ ಬಗ್ಗೆ ಬರೆಯುತ್ತಾ ಇಷ್ಟು ಕೋಪವಾ?' ಅಂತ ಒಬ್ಬರಾದರೂ ಕೇಳುತ್ತೀರಿ. ಸಾತಿ ಅನ್ನುವ ಭಿಕ್ಷು ತನ್ನ ಮಾತನ್ನು ತಿರುಚಿ ಹೇಳುತ್ತಿದ್ದಾನೆ ಅಂತ ಗೊತ್ತಾದಾಗ ಬುದ್ಧ ಅವನನ್ನು ಕರೆಸಿ, ಉಳಿದ ಭಿಕ್ಷುಗಳ ಎದುರೇ 'ಮೂಢ, ಹೀಗೆಂದು ನಾನು ಯಾರಿಗೆ ಹೇಳಿದ್ದೆ?' ಅಂತ ಕೇಳಿದ್ದಾನೆ. ಕಾಮೆಂಟ್ ಹಾಕುವ ಮುಂಚೆ ಅದನ್ನೂ ಓದಿಕೊಂಡು ಬನ್ನಿ.