ತಾತನ ಮೀಸೆಗೆ ವಾಟರ್‌ಪ್ರೂಫ್

ಗೃಹಪ್ರವೇಶಕ್ಕೆ ಬಂದವರಿಗೆ ಸ್ಟೀಲ್ ಡಬ್ಬಿ ಬೇಡ, ತಾತ-ಅಜ್ಜಿಯ ಫೋಟೊ ಅಂಟಿಸಿದ, ಲೋಟದಡಿ ಇಡುವ ಕೋಸ್ಟರ್ ಕೊಡೋಣ ಅಂತ ಮನೆಯಲ್ಲಿ ತೀರ್ಮಾನವಾಗುತ್ತದೆ. ಪ್ರಿಂಟ್ ತೆಗೆದು, ಮೇಲೆ ಫೆವಿಕಾಲ್ ಬಳಿದದ್ದೇ ತಡ, ತಾತನ ಮೀಸೆ ಗಡ್ಡವಾಗುತ್ತದೆ. ಅಜ್ಜಿಯ ಸೀರೆಯ ಕೆಂಪು ಪಕ್ಕದ ಬಿಳಿ ಪಂಚೆಗೆ ಹತ್ತುತ್ತದೆ.

ತಪ್ಪು ಫೆವಿಕಾಲ್‌ದಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರ್‌ಗಳ ಬಣ್ಣ ಸಾಮಾನ್ಯವಾಗಿ ನೀರಿನಲ್ಲಿ ಕರಗುವಂಥದ್ದು. ಫೆವಿಕಾಲ್, ಮಾಡ್ ಪಾಜ್ ಎರಡೂ ನೀರು ಬೆರೆತ ಅಂಟು. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್‌ಗೆ ಈ ಭಯವಿಲ್ಲ. ಅದರ ಟೋನರ್ ಪ್ಲಾಸ್ಟಿಕ್ ಪುಡಿ, ಶಾಖಕ್ಕೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಯಾವುದು ಅಂತ ಗೊತ್ತಿಲ್ಲದಿದ್ದರೆ ಒದ್ದೆ ಇಯರ್‌ಬಡ್‌ನಿಂದ ಒಂದು ಮೂಲೆ ಒರೆಸಿ ನೋಡಿ. ಆಲ್ಬಂನ ಮೂಲ ಫೋಟೊಗಂತೂ ಕೈ ಹಚ್ಚಬೇಡಿ, ಸ್ಕ್ಯಾನ್ ಮಾಡಿಸಿಕೊಳ್ಳಿ.

ಇಂಕ್‌ಜೆಟ್ ಪ್ರಿಂಟನ್ನು ಒಂದು ದಿನ ಒಣಗಲು ಬಿಡಿ. ಆಮೇಲೆ ಬಣ್ಣ ಸೀಲ್ ಮಾಡಲು ಕ್ಲಿಯರ್ ಅಕ್ರಿಲಿಕ್ ಸ್ಪ್ರೇ: 25–30 ಸೆಂ.ಮೀ. ದೂರದಿಂದ, 15–20 ನಿಮಿಷ ಬಿಟ್ಟು ಬಿಟ್ಟು, ತೆಳ್ಳಗೆ ಮೂರು ಕೋಟ್. ಒಂದೇ ಸಲಕ್ಕೆ ಅಭಿಷೇಕ ಮಾಡಿದರೆ ಸ್ಪ್ರೇನಲ್ಲಿರುವ ದ್ರಾವಕವೇ ನಿಂತು ಇಂಕನ್ನು ಹರಡಬಹುದು. ಜುಲೈನ ಜಿಟಿಜಿಟಿ ಮಳೆಯಲ್ಲಿ ಈ ಸಾಹಸ ಬೇಡ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಫೋಟೊ ಪೂರ್ತಿ ನಂದಿಬೆಟ್ಟದ ಮಂಜು. ಬಿಸಿಲಿರುವ ಮಧ್ಯಾಹ್ನ, ಮಾಸ್ಕ್ ಹಾಕಿಕೊಂಡು ಟೆರೇಸಿಗೆ ಹೋಗಿ. ಮೊದಲು ಪಕ್ಕದ ಮನೆಯವರ ಬಟ್ಟೆ ಒಣಗುತ್ತಿದೆಯಾ ನೋಡಿ.

ಅಂಟಿಸುವುದು ಸುಲಭ: ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ತೆಳ್ಳಗೆ ಅಂಟು, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ತೀಡಿ ಗುಳ್ಳೆ ತೆಗೆಯಿರಿ. ಅಂಚನ್ನೂ ಸೀಲ್ ಮಾಡಿ, ಅಲ್ಲಿ ನೀರು ಕುಡಿದ ಎಂಡಿಎಫ್ ಪೂರಿಯಂತೆ ಉಬ್ಬುತ್ತದೆ.

ಮೇಲಿನ ಪದರಕ್ಕೆ ಬರಿಯ ಫೆವಿಕಾಲ್ ಸಾಕೆಂದುಕೊಳ್ಳುವವರೇ ಹೆಚ್ಚು. ಒಣಗಿದಾಗ ಗಾಜಿನಂತೇ ಕಾಣುತ್ತದೆ, ನಿಜ. ಆದರೆ ನೀರು ಸೋಕಿದರೆ ಬೆಳ್ಳಗಾಗಿ ಮೆತ್ತಗಾಗುತ್ತದೆ. ಲೋಟ ಎತ್ತಿದರೆ ತಾತನೂ ಜೊತೆಗೆ ಎದ್ದು ಬರುತ್ತಾರೆ. ನೀರಿನಂಶದ ಪಾಲಿಯುರೆಥೇನ್ ವಾರ್ನಿಷ್ ಎರಡು-ಮೂರು ಕೋಟ್ ಹಾಕಿ, ಇಲ್ಲವೇ ಎಪಾಕ್ಸಿ ರೆಸಿನ್.

ರೆಸಿನ್‌ಗೆ ಕಣ್ಣಳತೆ ನಡೆಯದು. ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಜೊತೆ ಬೆರೆಸಬೇಕು, ರೆಸಿನ್-ಹಾರ್ಡನರ್ ಪ್ರಮಾಣ ಕೆಲವಕ್ಕೆ 2:1, ಕೆಲವಕ್ಕೆ 3:1. ಅಳತೆ ತೂಕದಲ್ಲೋ ಗಾತ್ರದಲ್ಲೋ ಅನ್ನುವುದನ್ನು ಬಾಟಲಿಯ ಮೇಲೆ ಓದಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಧಾರಾಳವಾಗಿ ಸುರಿದರೆ ಎಂದೆಂದಿಗೂ ಅಂಟಂಟು. ಸೀಲ್ ಆಗದ ಕಾಗದಕ್ಕೆ ರೆಸಿನ್ ಇಳಿದರೆ ಎಣ್ಣೆ ಹೀರಿದಂಥ ಕಪ್ಪು ಕಲೆ, ಅದು ತಾತನ ಕೆನ್ನೆಯ ಮೇಲೇ ಬೀಳುತ್ತದೆ. ಸಾಮಾನ್ಯ ರೆಸಿನ್ 50–60 ಡಿಗ್ರಿಗೆ ಮೆದುವಾಗುವುದರಿಂದ ಫಿಲ್ಟರ್ ಕಾಫಿ ಲೋಟ ಇಡುವ ಮನೆಗೆ ಶಾಖ ತಡೆಯುವ ಬಗೆಯದನ್ನೇ ಕೇಳಿ ತನ್ನಿ. ಸುರಿದ ತಕ್ಷಣ ಡಬ್ಬ ಕವುಚಿಡಿ. ಸಂಜೆಯ ಸೊಳ್ಳೆ ಬಂದು ಕೂತರೆ, ವಂಶವೃಕ್ಷದಲ್ಲಿ ಅದಕ್ಕೂ ಒಂದು ಜಾಗ.