ದೇವರ ಮ್ಯಾಲ ಪ್ರೀತಿ ಅಂದ್ರ ಆತನ ಮಾತು ಕೇಳೋದೇ ಏನು? ಪರ-ವಿರೋಧ

ಪರ

ನಮ್ಮ ಬೀದರ್ ಕಡಿ ಕ್ರೈಸ್ತ ಸಭೆಗಳೊಳಗ ಭಕ್ತಿಗೇನು ಕಮ್ಮಿ ಇಲ್ಲ ನೋಡ್ರಿ. ಭಾನುವಾರ ಆರಾಧನೆ, ನಡುವ ಮನಿ ಮನಿ ಪ್ರಾರ್ಥನಿ, ಉಪವಾಸ ಕೂಟ, ನವೆಂಬರ್ ಬಂತಂದ್ರ ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರಿಗಿ ಟೆಂಪೋ ಮಾಡ್ಕೊಂಡು ರೊಟ್ಟಿ ಬುತ್ತಿ ಕಟ್ಕೊಂಡು ಹೋಗಿ ಬಯಲಾಗ ಮಲಗಿ ಹಾಡಿ ಅತ್ತು ಬರೋ ಮಂದಿ ನಾವು. ಅದು ನಾಟಕ ಅಂತ ನಾ ಅನ್ನಲ್ಲ, ಆ ಕಣ್ಣೀರು ಖರೇನೇ ಅವ. ಆದ್ರ ತನ್ನ ಮ್ಯಾಲಿನ ಪ್ರೀತಿಗಿ ಗುರುತು ಏನು ಅಂತ ಯೇಸುಸ್ವಾಮಿನೇ ಹೇಳಿ ಹೋಗ್ಯಾನ, ನಾವು ಬ್ಯಾರೆ ಗುರುತು ಹುಡುಕೋ ಕಾರಣಾನೇ ಇಲ್ಲ. ಬೈಬಲಿನ ಯೋಹಾನ 14ನೇ ಅಧ್ಯಾಯ ತೆಗೀರಿ, 15ನೇ ವಚನದಾಗ ಒಮ್ಮೆ, 21ರಾಗ ಒಮ್ಮೆ, 23ರಾಗ ಮತ್ತೊಮ್ಮೆ, ನನ್ನ ಮ್ಯಾಲ ಪ್ರೀತಿ ಇದ್ದವ ನನ್ನ ಮಾತಿನಂಗ ನಡೀತಾನ ಅಂತ. ಶಿಲುಬಿಗಿ ಹೋಗೋ ಹಿಂದಿನ ರಾತ್ರಿ ಶಿಷ್ಯರ ಜೋಡಿ ಊಟಕ್ಕ ಕೂತಾಗ ಹೇಳಿದ ಮಾತಿದು, ಅಂಥ ಹೊತ್ತಿನ್ಯಾಗ ಒಂದೇ ಮಾತು ಮೂರು ಸಲ ಹೇಳ್ಯಾನಂದ್ರ ಅದನ್ನ ಹಗುರ ಹಿಡಿಬಾರ್ದು.

ಸೌಲ ರಾಜನ ಕಥಿ ಎಲ್ಲರಿಗೂ ಗೊತ್ತದ. ಅಮಾಲೇಕ್ಯರದು ಏನೂ ಉಳಿಸಬ್ಯಾಡ ಅಂತ ಅಪ್ಪಣಿ ಇತ್ತು, ಆತ ಛಲೋ ಛಲೋ ಕುರಿ ದನ ಉಳಿಸ್ಕೊಂಡು ಬಂದು, ಕರ್ತನ ಆಜ್ಞೆ ಪೂರ್ತಿ ಮಾಡೀನಿ ಅಂತ ಪ್ರವಾದಿ ಸಮುವೇಲನ ಮುಂದ ನಿಂತ. ಹಂಗಿದ್ರ ನನ್ನ ಕಿವಿಗಿ ಬೀಳ್ಲಿಕ್ಕತ್ತಿದ ಈ ಕುರಿ ಸಪ್ಪಳ ಏನಪಾ ಅಂತ ಆತ ಕೇಳಿದ್ರ, ದೇವರಿಗಿ ಬಲಿ ಕೊಡ್ಲಿಕ್ಕೇ ತಂದದ್ದು ಅಂತ ಸಮಜಾಯಿಷಿ ಬೇರೆ. ಬಲಿಗಿಂತ ಮಾತು ಕೇಳೋದೇ ದೊಡ್ಡದು ಅಂತ ಸಮುವೇಲ ಅಂದದ್ದು ಆವಾಗ.

ಆ ಸಪ್ಪಳ ನಮ್ಮ ನಡುವನೂ ಕೇಳಿಸ್ತದ. ಹುಮನಾಬಾದ್ ಕಡಿ ಒಂದು ಹಳ್ಳ್ಯಾಗ ಅಣ್ಣ ತಮ್ಮ ಇಬ್ಬರೂ ಸಭೆಗಿ ಬೇಕಾದವ್ರು, ಆದ್ರ ಹೊಲದಾಗಿನ ಬಾವಿ ಪಾಲಿನ ಸಲುವಾಗಿ ಕೋರ್ಟಿನ್ಯಾಗ ಕೇಸ್ ನಡದದ. ಬಾವಿ ಮ್ಯಾಲ ಮೋಟಾರಿನ ಸ್ಟಾರ್ಟರ್ ಡಬ್ಬಿ ಅದ, ಅದಕ್ಕ ಎರಡು ಕೀಲಿ ಬಿದ್ದಾವ, ಒಂದು ಅಣ್ಣಂದು ಒಂದು ತಮ್ಮಂದು, ಇಬ್ಬರೂ ಬಂದು ಬಿಚ್ಚಿದ್ರ ಮಾತ್ರ ನೀರು, ಇಬ್ಬರೂ ಕೂಡಿ ಬರೋದಂತೂ ಆಗಲ್ಲ, ಕಣ್ಣ ಮುಂದನೇ ಕಡ್ಲಿ ಒಣಗ್ಯಾವ. ಭಾನುವಾರ ಮಾತ್ರ ಇಬ್ಬರೂ ಬಂದು ಒಬ್ಬ ಆ ಕಡಿ ಒಬ್ಬ ಈ ಕಡಿ ಕೂತು ಕರ್ತನ ಭೋಜನ, ಅಂದ್ರ ಯೇಸುವಿನ ನೆನಪಿನ ರೊಟ್ಟಿ ದ್ರಾಕ್ಷಾರಸ, ತಗೊಂಡು ಹೋಗ್ತಾರ. ಮತ್ತಾಯ 5ನೇ ಅಧ್ಯಾಯದಾಗ ಏನದ? ಕಾಣಿಕಿ ಯಜ್ಞವೇದಿ ಮುಂದ ಅಲ್ಲೇ ಬಿಟ್ಟು ಹೋಗು, ಮೊದಲು ಸಹೋದರನ ಜೋಡಿ ಒಂದಾಗು, ಆಮ್ಯಾಲ ಬಾ. ಇಷ್ಟು ಸಾಫ್ ಹೇಳಿದ ಮಾತು ಬಿಟ್ಟು ಇನ್ನೆಷ್ಟು ಹಾಡು ಹಾಡಿದ್ರೇನು?

ಈ ಜಿಲ್ಲಾದ ಕ್ರೈಸ್ತರೊಳಗ ಮೆಥಡಿಸ್ಟ್ ಮಂದಿನೇ ಭಾಳ. ಮೆಥಡಿಸ್ಟ್ ಪಂಗಡಕ್ಕ ಬುನಾದಿ ಹಾಕಿದ ಜಾನ್ ವೆಸ್ಲಿ 1743ರಾಗ ತನ್ನ ಸಂಘಗಳಿಗಿ ಹಾಕಿದ ನಿಯಮ ಮೂರು, ಕೆಟ್ಟದ್ದು ಮಾಡಬ್ಯಾಡ್ರಿ, ಆದಷ್ಟು ಒಳ್ಳೇದು ಮಾಡ್ರಿ, ಪ್ರಾರ್ಥನಿ ವಾಕ್ಯ ಕರ್ತನ ಭೋಜನ ತಪ್ಪಿಸಬ್ಯಾಡ್ರಿ. ಕೆಟ್ಟದ್ದು ಅನ್ನೋದ್ರ ಪಟ್ಟಿಯಾಗ ಕುಡಿತ ಜಗಳ ಅಷ್ಟೇ ಅಲ್ಲ, ಸುಂಕ ಕಟ್ಟದ ಮಾಲು ಕೊಳ್ಳೋದು ಮಾರೋದು, ಅನ್ಯಾಯದ ಬಡ್ಡಿ, ಸಹೋದರ ಸಹೋದರನ ಮ್ಯಾಲ ಕೋರ್ಟಿಗಿ ಹೋಗೋದು, ಎಲ್ಲಾ ಬರ್ದಾನ. ನಾವು ಕುಡಿತದ ಮ್ಯಾಲ ಪ್ರಸಂಗ ಕೇಳಿದಷ್ಟು ಉಳಿದವುಗಳ ಮ್ಯಾಲ ಕೇಳಿಲ್ಲ.

ಇನ್ನ ತೊಗರಿ ರಾಶಿ ಟೈಮಿನ್ಯಾಗ ಕೂಲಿ ಹೆಣ್ಮಕ್ಕಳನ್ನ ಮುಂದಿನ ವಾರ ಬರ್ರಿ ಅಂತ ತಿರುಗಿಸೋ ಮಾಲಕ್ರು ನಮ್ಮ ಸಭೆಯಾಗೂ ಇದ್ದಾರ. ಕೂಲಿಯವನ ಕೂಲಿ ಬೆಳಗಾಗೋತನಕ ನಿನ್ನ ಹತ್ರ ಇರಬಾರ್ದು ಅಂತ ಯಾಜಕಕಾಂಡ 19ರಾಗ ಅದ, ಅದೇ ಅಧ್ಯಾಯದಾಗ ತಕ್ಕಡಿ ಕಲ್ಲು ಸರಿ ಇರ್ಲಿ ಅಂತಲೂ ಅದ, ನಿನ್ನಂಗ ನಿನ್ನ ನೆರೆಯವನನ್ನ ಪ್ರೀತಿಸು ಅನ್ನೋ ಆಜ್ಞೆನೂ ಅಲ್ಲೇ ಅದ. ಪ್ರೀತಿ, ಕೂಲಿ, ತೂಕ ಮೂರೂ ಒಂದೇ ಪುಟದಾಗ ಇಟ್ಟ ದೇವರಿಗಿ ನಾವು ಪ್ರೀತಿ ಮಾತ್ರ ಕೊಡ್ತೀವಿ, ಉಳಿದದ್ದು ನಮ್ಮ ವ್ಯವಹಾರ ಅಂದ್ರ ನಡೀತದೇನು? ಬಸವಣ್ಣೋರ ನೆಲದಾಗ ಹುಟ್ಟಿದೋರಿಗಿ ನುಡಿ ನಡಿ ಒಂದಾಗಿರಬೇಕು ಅಂತ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಕೃಪೆಯಿಂದ ರಕ್ಷಣೆ ಅದ, ಕ್ರಿಯೆಯಿಂದ ಅಲ್ಲ ಅಂತ ಕೆಲವರು ತಕ್ಷಣ ಅಂತಾರ. ಹೌದು, ನಾನೂ ಅದನ್ನೇ ನಂಬೀನಿ. ಆದ್ರ ನಾ ಹೇಳ್ಲಿಕ್ಕತ್ತಿದ್ದು ರಕ್ಷಣೆ ಹೆಂಗ ಸಿಗ್ತದ ಅಂತ ಅಲ್ಲ, ಸಿಕ್ಕ ಮ್ಯಾಲ ಪ್ರೀತಿ ಎಲ್ಲಿ ಕಾಣ್ತದ ಅಂತ. ಸುಂಕ ವಸೂಲಿ ಮಾಡೋ ಜಕ್ಕಾಯನ ಮನಿಗಿ ಯೇಸು ತಾನಾಗೇ ಬಂದ, ಬಂದ ಮ್ಯಾಲ ಜಕ್ಕಾಯ ಎದ್ದು ನಿಂತು ಅರ್ಧ ಆಸ್ತಿ ಬಡವರಿಗಿ, ಮೋಸ ಮಾಡಿ ತಗೊಂಡದ್ದಕ್ಕ ನಾಕು ಪಟ್ಟು ವಾಪಸ್ ಅಂದ. ಆತ ಅತ್ತನೋ ಇಲ್ಲೋ ಲೂಕ ಬರೀಲೇ ಇಲ್ಲ, ರೊಕ್ಕದ ಲೆಕ್ಕ ಮಾತ್ರ ಬರ್ದಾನ.

ವಿರೋಧ

ಅಣ್ಣಾವ್ರು ಬರ್ದದ್ದು ಓದಿದೆ. ಕೂಲಿ ಅದೇ ದಿನ ಕೊಡಬೇಕು, ಅಣ್ಣ ತಮ್ಮ ಒಂದಾಗಬೇಕು, ಇದ್ರಾಗ ನಂದೇನೂ ತಕರಾರಿಲ್ಲರಿ. ನನ್ನ ತಕರಾರು ಇರೋದು ಮಾತು ಕೇಳೋದೇ ಪ್ರೀತಿ ಅಂತ ಎರಡನ್ನೂ ಒಂದೇ ಮಾಡೋದ್ರ ಮ್ಯಾಲ, ಯಾಕಂದ್ರ ಪ್ರೀತಿ ಒಂಚೂರೂ ಇಲ್ಲದೇ ಪೂರ್ತಿ ಮಾತು ಕೇಳ್ಲಿಕ್ಕೆ ಬರ್ತದ. ಇದು ನನ್ನ ಮಾತಲ್ಲ. ಪ್ರಕಟನೆ 2ರಾಗ ಎಫೆಸದ ಸಭೆಗಿ ಕರ್ತ ಏನಂದ? ನಿನ್ನ ಕೆಲಸ ಗೊತ್ತದ, ಕಷ್ಟ ಗೊತ್ತದ, ತಾಳ್ಮೆ ಗೊತ್ತದ, ಕೆಟ್ಟವರನ್ನ ಸಹಿಸಿಲ್ಲ, ದಣಿದಿಲ್ಲ, ಆದ್ರೂ ಮೊದಲಿನ ಪ್ರೀತಿ ಬಿಟ್ಟೀದಿ ಅಂದ. 1 ಕೊರಿಂಥ 13ರಾಗ ಪೌಲ ಇನ್ನೂ ಮುಂದ ಹೋಗಿ, ಇದ್ದದ್ದೆಲ್ಲಾ ಬಡವರಿಗಿ ಹಂಚಿದ್ರೂ ಪ್ರೀತಿ ಇಲ್ಲಂದ್ರ ನನಗೇನೂ ಲಾಭ ಇಲ್ಲ ಅಂತಾನ. ಅಂದ್ರ ಜಕ್ಕಾಯ ಮಾಡಿದಂಥಾ ಕೆಲಸಾನೂ ಪ್ರೀತಿ ಇಲ್ಲದೇ ಆಗಬಹುದು ಅಂತಾತು.

ಲೂಕ 15ರಾಗ ಆಸ್ತಿ ಹಾಳು ಮಾಡಿ ಮನಿಗಿ ಮರಳಿದ ಸಣ್ಣ ಮಗನ ಕಥಿ ಅದಲ್ಲ, ಅದರಾಗಿನ ದೊಡ್ಡ ಮಗನ್ನ ನೋಡ್ರಿ. ಇಷ್ಟು ವರ್ಷ ನಿನ್ನ ಚಾಕರಿ ಮಾಡೀನಿ, ನಿನ್ನ ಒಂದು ಮಾತೂ ಮೀರಿಲ್ಲ ಅಂತಾನ, ಅಪ್ಪ ಸುಳ್ಳು ಅನ್ನಲ್ಲ, ಖರೇನೇ ಮೀರಿಲ್ಲ ಆತ. ಆದ್ರ ತಮ್ಮ ಮನಿಗಿ ಬಂದ ದಿನ ಹೊರಗ ನಿಂತವ ಅವನೇ, ಒಂದು ಆಡಿನ ಮರಿನೂ ನನಗ ಕೊಟ್ಟಿಲ್ಲ ಅಂತ ಲೆಕ್ಕ ತೆಗದವನೂ ಅವನೇ. ಮಾತು ಕೇಳಿದ್ದೆಲ್ಲಾ ಎಲ್ಲೋ ಜಮಾ ಆಗ್ತದ ಅಂದ್ಕೊಂಡಿದ್ದ ಪಾಪ. ನಮ್ಮ ಸಭೆಗಳೊಳಗ ಮುಂದಿನ ಸಾಲಿನ್ಯಾಗ ಕೂಡೋರ್ದು ಎಷ್ಟು ಮಂದಿದು ಇದೇ ಮನಸ್ಸು ಅದ, ನಾವು ಇಷ್ಟು ಮಾಡಿದ್ರೂ ಯಾಕ ಹಿಂಗಾತು ಅಂತ ಒಳಗೊಳಗೇ ದೇವರ ಮ್ಯಾಲ ಸಿಟ್ಟು.

ಎರಡನೇದ್ದು, ಮಾತು ಕೇಳು ಅನ್ನೋದು ಯಾರ ಬಾಯಿಂದ ಬರ್ತದ ಅಂತನೂ ನೋಡಬೇಕಾಗ್ತದ. ಇಲ್ಲಿ ಕಲಬುರಗಿ ಓಣ್ಯಾಗ ನಮ್ಮ ಮನಿ ಹತ್ರದ ಒಂದು ಹುಡುಗಿ ಹೊಸದಾಗಿ ಪ್ರಾರ್ಥನಿಗಿ ಬರ್ಲಿಕ್ಕತ್ತಿತ್ತು, ಕೈತುಂಬ ಹಸಿರು ಬಳಿ, ಮೂಗಿಗಿ ಸಣ್ಣದೊಂದು ನತ್ತು. ದೇವರ ಮ್ಯಾಲ ಪ್ರೀತಿ ಇದ್ರ ಅವು ತೆಗೀತೀದಿ ಅಂದ್ರು ಒಬ್ರು ಹಿರಿಯರು. ಆಕಿ ಗೋಡಿಗಿ ಕೂತು ಒಂದೊಂದೇ ಬಳಿ ತೆಗದು ಸೆರಗಿನ್ಯಾಗ ಕಟ್ಕೊಂಡ್ಳು, ಆ ದಿನ ಹಾಡಲಿಲ್ಲ, ಆಮ್ಯಾಲ ಬರೋದೂ ಬಿಟ್ಳು. ಆ ಬಳಿ ದೇವರಿಗೇನು ಅಡ್ಡ ಆಗಿದ್ವು? ಗಂಡ ಕುಡದು ಬಂದು ಹೊಡದ್ರ, ಅಧೀನಳಾಗಿರು ತಂಗಿ, ಎಫೆಸ 5:22ರಾಗ ಅದ, ದೇವರ ಮ್ಯಾಲಿನ ಪ್ರೀತಿಗಾದ್ರೂ ತಾಳ್ಕೋ ಅಂತ ಕಳಸ್ತಾರ. ಅದರ ಹಿಂದಿನ 21ನೇ ವಚನದಾಗ ಒಬ್ಬರಿಗೊಬ್ಬರು ಅಧೀನರಾಗ್ರಿ ಅಂತ ಅದ, 25ರಾಗ ಕ್ರಿಸ್ತ ಸಭೆ ಸಲುವಾಗಿ ತನ್ನನ್ನೇ ಕೊಟ್ಟಂಗ ಗಂಡಂದಿರು ಹೆಂಡಂದಿರನ್ನ ಪ್ರೀತಿಸ್ರಿ ಅಂತ ಅದ, ಅವೆರಡೂ ಯಾಕ ಆ ಹೊತ್ತಿನ್ಯಾಗ ಯಾರ ನೆನಪಿಗೂ ಬರಲ್ಲ ಅಂತ ನನಗ ಭಾಳ ಸಂಕಟ ಆಗ್ತದ. ಪ್ರೀತಿ ಅಂದ್ರ ವಿಧೇಯತೆ ಅಂತ ಒಮ್ಮೆ ಒಪ್ಕೊಂಡ್ವಿ ಅಂದ್ರ ದೊಡ್ಡವರಿಗಿ ಬೇಕಾದ್ದೆಲ್ಲಾ ದೇವರ ಆಜ್ಞೆ ಆಗಿ ಬರ್ತದ, ಅದರ ಭಾರ ಬೀಳೋದು ಯಾವಾಗಲೂ ಹೆಣ್ಮಕ್ಕಳ ಮ್ಯಾಲ, ಹೊಸಬರ ಮ್ಯಾಲ, ಬಡವರ ಮ್ಯಾಲ.

ಅಣ್ಣಾವ್ರು ವೆಸ್ಲಿ ಹೆಸರು ತೆಗದ್ರು, ಆತಂದು ಇನ್ನರ್ಧ ಕಥಿ ನಾ ಹೇಳ್ತೀನಿ. ಆಕ್ಸ್‌ಫರ್ಡಿನ್ಯಾಗ ಇದ್ದಾಗ ವಾರದಾಗ ಎರಡು ಉಪವಾಸ, ಜೈಲಿನವರ ಸೇವೆ, ತಾಸಿಗಿ ತಾಸಿನ ಶಿಸ್ತು, ಆಮ್ಯಾಲ ಸಮುದ್ರ ದಾಟಿ ಅಮೆರಿಕಾಕ್ಕ ಹೋಗಿ ಮಿಷನರಿ ಕೆಲಸ, ಇಷ್ಟೆಲ್ಲಾ ಮಾಡಿದ್ರೂ ಮನಸ್ಸಿಗಿ ಸಮಾಧಾನ ಇರಲಿಲ್ಲ. 1738ರ ಮೇ 24ರ ಸಂಜಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಾಗ, ಬೈಬಲಿನ ರೋಮಾಪುರದವರ ಪತ್ರಿಕೆಗಿ ಸುಧಾರಕ ಮಾರ್ಟಿನ್ ಲೂಥರ್ ಬರ್ದ ಮುನ್ನುಡಿ ಯಾರೋ ಓದ್ಲಿಕ್ಕತ್ತಾಗ, ಕ್ರಿಸ್ತ ನನ್ನ ಪಾಪಾನೂ ತೆಗದಾನ ಅಂತ ಆತಗ ಮೊದಲ ಸಲ ಗಟ್ಟಿ ಅನ್ನಿಸ್ತು, ಎದಿ ಬೆಚ್ಚಗಾತು ಅಂತ ತಾನೇ ಬರ್ಕೊಂಡಾನ. 1743ರ ನಿಯಮ ಬಂದದ್ದು ಇದಾದ ಐದು ವರ್ಷಕ್ಕ. ಈ ಕ್ರಮ ಅದಲು ಬದಲು ಮಾಡಬಾರ್ದು ಅಂತ ನನ್ನ ಹಟ.

ಲೂಕ 7ರಾಗ, ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸೋ ಫರಿಸಾಯರ ಪಂಥದ ಸೀಮೋನನ ಮನ್ಯಾಗ ಯೇಸುವಿನ ಪಾದ ಕಣ್ಣೀರಿನಿಂದ ತೊಳದು ಕೂದಲಿಂದ ಒರಸಿ ಸುಗಂಧತೈಲ ಹಚ್ಚಿದ ಆ ಹೆಣ್ಮಗಳು ಯಾವ ಆಜ್ಞೆ ಪಾಲಿಸಿದ್ಳು ಹೇಳ್ರಿ? ಆಜ್ಞೆ ಪಾಲಿಸಿದವ ಸೀಮೋನ, ಕಾಲಿಗಿ ನೀರು ಕೊಡೋದು ಮರತವನೂ ಅವನೇ. ಆಕಿ ಭಾಳ ಪ್ರೀತಿ ಮಾಡ್ಯಾಳ ಅಂತ ಯೇಸು ಹೇಳಿದ, ಯಾಕಂದ್ರ ಆಕಿಗಿ ಭಾಳ ಕ್ಷಮಾ ಸಿಕ್ಕಿತ್ತು. ಕಣ್ಣೀರಿನ ಲೆಕ್ಕ ಲೂಕ ಇಲ್ಲಿ ಬರ್ದಾನಲ್ರಿ ಅಣ್ಣಾವ್ರ.

ಯೋಹಾನ 14ರ ಮಾತು ನಾ ಅಲ್ಲಗಳಿಯಲ್ಲ, ಆದ್ರ ಅದೇ ರಾತ್ರಿ ಊಟದಾಗ ಯೇಸು ಕೊಟ್ಟ ಹೊಸ ಆಜ್ಞೆ ಒಂದೇ, ನಾನು ನಿಮ್ಮನ್ನ ಪ್ರೀತಿಸಿದಂಗ ನೀವೂ ಒಬ್ಬರನ್ನೊಬ್ಬರು ಪ್ರೀತಿಸ್ರಿ ಅಂತ. ಮೊದಲು ಆತ ಪ್ರೀತಿಸ್ಯಾನ, ಶಿಷ್ಯರ ಕಾಲು ತೊಳದಾನ, ತನ್ನನ್ನ ಹಿಡಿದುಕೊಡೋ ಯೂದನ ಕಾಲೂ ತೊಳದಾನ, ಆಮ್ಯಾಲ ಆಜ್ಞೆ ಕೊಟ್ಟಾನ. ನಮ್ಮ ಸಂಡೇ ಸ್ಕೂಲಿನ್ಯಾಗ ಐದಾರು ವರ್ಷದ ಮಕ್ಕಳಿಗಿ ಹತ್ತು ಆಜ್ಞೆ ಬಾಯಿಪಾಠ ಮಾಡಸ್ತೀವಿ, ಒಂದು ತಪ್ಪಿದ್ರ ದೇವರಿಗಿ ಸಿಟ್ಟು ಬರ್ತದ ಅಂತೀವಿ. ಬರೋ ವರ್ಷದಿಂದ ಅದಕ್ಕಿಂತ ಮೊದಲು ಲೂಕ 15 ಹೇಳಿಕೊಡೋಣ ಅಂತ ನಮ್ಮ ಟೀಚರ್‌ಗಳ ಮುಂದ ಇಟ್ಟೀನಿ, ಇನ್ನೂ ಎಲ್ಲರೂ ಒಪ್ಪಿಲ್ಲ.