ಜೋಡಿಚಿತ್ರಗಳಲ್ಲಿ ಜಾಗ ಸಿಗದವಳು

ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಲದ ಚಿತ್ರಗಳಲ್ಲಿ ವಿಧವೆಯನ್ನು ಹುಡುಕಿದರೆ ಮತ್ತೆ ಮತ್ತೆ ಎದುರಾಗುವುದು ಚಿತೆ. ಗಂಡನನ್ನು ಸುಟ್ಟು ಬಂದ ಮೇಲೂ ಮೂವತ್ತು, ನಲವತ್ತು ವರ್ಷ ಬದುಕಿದವಳನ್ನು ಯಾಕೆ ಯಾರೂ ಚಿತ್ರಿಸಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

1800ರ ಆಸುಪಾಸಿನಲ್ಲಿ ತಂಜಾವೂರು, ತಿರುಚಿನಾಪಳ್ಳಿಗಳ ಚಿತ್ರಕಾರರು ಇಂಗ್ಲಿಷ್ ಅಧಿಕಾರಿಗಳಿಗಾಗಿ ಜಲವರ್ಣದ ಆಲ್ಬಮ್‌ಗಳನ್ನು ಮಾಡಿಕೊಡುತ್ತಿದ್ದರು. ಪುಟಕ್ಕೊಂದು ಜಾತಿ, ಜಾತಿಗೊಂದು ಜೋಡಿ. ಕುಂಬಾರನ ಪಕ್ಕದಲ್ಲಿ ಅವನ ಹೆಂಡತಿ, ನೇಕಾರನ ಪಕ್ಕದಲ್ಲಿ ಅವನ ಹೆಂಡತಿ, ಕೈಯಲ್ಲಿ ಕಸುಬಿನ ಸಲಕರಣೆ. ಸೀರೆಯ ಅಂಚು, ಮೂಗುತಿ, ಬಳೆಗಳ ಮೇಲೆ ಕುಂಚ ಎಷ್ಟು ಅಕ್ಕರೆಯಿಂದ ಆಡಿದೆಯೆಂದರೆ ನೋಡುತ್ತಲೇ ಇರಬೇಕೆನಿಸುತ್ತದೆ. ಆದರೆ ಲೋಕವನ್ನೆಲ್ಲ ಗಂಡ ಹೆಂಡಿರ ಜೋಡಿಯಾಗಿಯೇ ಎಣಿಸಿದ ಮೇಲೆ ಗಂಡ ಸತ್ತವಳು ಎಲ್ಲಿ ನಿಲ್ಲಬೇಕು? ನಾನು ನೋಡಿದ ಆಲ್ಬಮ್‌ಗಳಲ್ಲಿ ಅವಳಿಗೆ ಪುಟವಿಲ್ಲ. ಗಂಡನ ಶವದೊಂದಿಗೇ ಚಿತೆಯೇರುವ ಸಹಗಮನದ ಪುಟ ಸಿಗುತ್ತದೆ. ಅಲ್ಲಿ ಅವಳು ಮತ್ತೆ ಗಂಡನ ಪಕ್ಕಕ್ಕೇ ಸೇರಿಬಿಟ್ಟಿರುತ್ತಾಳೆ. ಹಾಗೆ ಸತ್ತವರ ನೆನಪಿಗೆ ನೆಟ್ಟ ನಮ್ಮ ಮಾಸ್ತಿಕಲ್ಲುಗಳೂ ಇದನ್ನೇ ಹೇಳುತ್ತವೆ. ಕಂಬದಿಂದ ಚಾಚಿದ ಆ ಕೈಯಲ್ಲಿ ಬಳೆಗಳು ಹಾಗೆಯೇ ಇವೆ. ಬಳೆ ಒಡೆಸಿಕೊಂಡ ಕೈಗೆ ಯಾರೂ ಕಲ್ಲು ನೆಡಲಿಲ್ಲ.

ಕಲ್ಕತ್ತೆಯಲ್ಲಿದ್ದ ಫ್ಲೆಮಿಶ್ ಕಲಾವಿದ ಸಾಲ್ವಿನ್ಸ್ ದೋಣಿ, ಪಲ್ಲಕ್ಕಿ, ವಾದ್ಯಗಳ ಜೊತೆಗೆ ಹುಕ್ಕಾ ಸೇದುವ ಬಗೆಗಳನ್ನೂ ಬಿಡದೆ ಚಿತ್ರಿಸಿದವನು. ಅವನೂ ಸಹಗಮನಕ್ಕೆ ಬೇರೆ, ಗಂಡ ಸತ್ತ ಮೇಲೆ ಬೇರೆಯಾಗಿ ಚಿತೆಯೇರುವ ಅನುಮರಣಕ್ಕೆ ಬೇರೆ ಫಲಕಗಳನ್ನು ಮಾಡಿದ. 1808ರಿಂದ 1812ರವರೆಗೆ ಪ್ಯಾರಿಸ್‌ನಲ್ಲಿ ಅವನ ಸಂಪುಟಗಳು ಅಚ್ಚಾದವು.

ಈ ಚಿತ್ರಗಳು ಬೇಡವಾಗಿದ್ದವು ಎಂದು ನಾನು ಖಂಡಿತ ಹೇಳುವುದಿಲ್ಲ. ಬಂಗಾಳ ಪ್ರಾಂತ್ಯದ ಸರ್ಕಾರಿ ಲೆಕ್ಕದಂತೆಯೇ 1815ರಿಂದ 1828ರೊಳಗೆ 8,134 ಹೆಂಗಸರು ಬೆಂಕಿಗೆ ಹೋದರು. 1829ರಲ್ಲಿ ನಿಷೇಧ ಬಂದದ್ದು ಸುಮ್ಮನೆ ಅಲ್ಲ. ಆದರೆ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಂದಿ ಉಳಿದರು. ಅವರ ಬದುಕು ಹೇಗಿತ್ತೆಂದು ತಿಳಿಯಲು ಚಿತ್ರ ಬಿಟ್ಟು ಬರಹಕ್ಕೆ ಹೋಗಬೇಕು. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಪುಸ್ತಕ 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ತಿಂಗಳಿಗೊಮ್ಮೆ ತಲೆ ಬೋಳಿಸುವುದು, ಎಲೆ ಅಡಿಕೆ ಇಲ್ಲ, ಒಡವೆ ಇಲ್ಲ, ಬಣ್ಣದ ಬಟ್ಟೆ ಇಲ್ಲ, ಶುಭಕಾರ್ಯದಲ್ಲಿ ಮುಖ ತೋರಿಸುವಂತಿಲ್ಲ. ಎಲ್ಲವನ್ನೂ ಅವರು ಬರೆದಿಟ್ಟಿದ್ದಾರೆ. ಆ ಪಾದ್ರಿಯ ಹಲವು ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ, ಆದರೆ ಈ ಭಾಗ ಓದುವಾಗ ಹೊಟ್ಟೆ ತೊಳಸುತ್ತದೆ.

ಕೊಳ್ಳುವವನಿಗೆ ಬೇಕಾದದ್ದನ್ನು ಚಿತ್ರಕಾರ ಬರೆದ. ಅವನನ್ನು ದೂರಿ ಫಲವಿಲ್ಲ. ಊರಿಗೆ ಹೊತ್ತೊಯ್ದು ತೋರಿಸಲು ದೊರೆಗೆ ಬೆಂಕಿ ಬೇಕಿತ್ತು. ಹಿತ್ತಲಲ್ಲಿ ಕೂತು ಬತ್ತಿ ಹೊಸೆಯುವ ಬೋಳುತಲೆಯ ಹೆಂಗಸು ಯಾರಿಗೂ ಬೇಕಿರಲಿಲ್ಲ. ಆದರೆ ಇಂದು ಈ ಚಿತ್ರಗಳನ್ನು ಪ್ರದರ್ಶನಕ್ಕಿಡುವವರು ಬರೀ ‘ಸತಿ’ ಎಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳಬಾರದು. ಪಕ್ಕದಲ್ಲಿ ದುಬಾಯ್ ಅವರ ಆ ಪುಟವನ್ನೂ ತೆರೆದಿಡಲಿ.

ನಮ್ಮ ಮನೆಗಳಲ್ಲಿ ಕೆಂಪು ಸೀರೆಯ ಸೆರಗನ್ನು ತಲೆಗೆಳೆದುಕೊಂಡ ವಿಧವೆ ಅಜ್ಜಿಯರನ್ನು ಕಂಡವರು ಇನ್ನೂ ಇದ್ದಾರೆ. ನೆನಪಿದ್ದವರು ದಯವಿಟ್ಟು ಬರೆಯಿರಿ: ಅವರು ಎಲ್ಲಿ ಮಲಗುತ್ತಿದ್ದರು, ಏನು ಉಣ್ಣುತ್ತಿದ್ದರು, ಯಾವ ಹಾಡು ಹೇಳುತ್ತಿದ್ದರು, ಮನೆಯವರು ಅವರನ್ನು ಏನೆಂದು ಕರೆಯುತ್ತಿದ್ದರು.